ಎರಡರಲ್ಲಿ ಒಂದು

ಆ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಟೈ ಮಹಾಶಯನಿಂದ. ಅವನು ಅಜ್ಜಿಯ ಫೋನಿನೊಳಗೆ ಕುಳಿತು, ಕೊರಳಿಗೆ ಟೈ ಬಿಗಿದುಕೊಂಡು, ಷೇರುಪೇಟೆ ಏಕೆ ಏರಿತು, ಏಕೆ ಇಳಿಯಿತು, ಸಾಮಾನ್ಯ ಜನ ಏನು ಮಾಡಬೇಕು ಎಂದು ದಿನವೂ ಹೇಳುತ್ತಿದ್ದ. ಏರುತ್ತದೆ ಎಂದಿದ್ದು ಇಳಿದರೂ ಅವನಿಗೆ ನಾಚಿಕೆಯಿಲ್ಲ. ಇಳಿದದ್ದೇ ಒಳ್ಳೆಯದಾಯಿತು ಎನ್ನುವುದಕ್ಕೂ ಅವನ ಹತ್ತಿರ ಕಾರಣ ಸಿದ್ಧವಾಗಿರುತ್ತಿತ್ತು. ಅಜ್ಜಿಗೆ ಕಿವಿ ಸ್ವಲ್ಪ ಮಂದವಾದ್ದರಿಂದ ಅವನ ಉಪದೇಶ ಅಡುಗೆಮನೆ, ಬಚ್ಚಲು ದಾಟಿ ಪಕ್ಕದ ಮನೆಯವರಿಗೂ ಬಿಟ್ಟಿಯಾಗಿ ಸಿಗುತ್ತಿತ್ತು. ಬೀದಿಯವರು ಅವಳಿಗೆ ಷೇರಜ್ಜಿ ಎಂದು ಹೆಸರಿಟ್ಟಿದ್ದರು. ಅವಳಿಗೂ ಆ ಹೆಸರಿನ ಬಗ್ಗೆ ತಕರಾರಿರಲಿಲ್ಲ.

"ಅತ್ತೆ, ಸ್ವಲ್ಪ ಸಣ್ಣಕ್ಕೆ ಇಡಿ. ಅವರು ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದಾರೆ," ಎಂದಳು ಸೊಸೆ, ಮೊಟ್ಟೆ ಬೇಯಲು ಇಡುತ್ತ.

"ಕುಲುಮೆ ಭೋರ್ಗರೆಯೋ ಜಾಗದಲ್ಲಿ ನಿಂತು ಬಂದೋನು. ಇಷ್ಟಕ್ಕೆಲ್ಲ ಏಳ್ತಾನಾ?"

"ಎದ್ದಿದೀನಮ್ಮ," ಎಂದಿತು ಒಳಗಿನಿಂದ ಮಗನ ಧ್ವನಿ. "ಏನಂತೆ ಪೇಟೆ?"

"ಕುಸಿದಿದೆಯಂತೆ."

"ಸರಿ ಹಾಗಾದ್ರೆ, ನಾನೂ ಕುಸೀತೀನಿ. ಬಾಗಿಲು ಎಳ್ಕೊಂಡು ಹೋಗು."

ಮಗ ಗಾಜಿನ ಸೀಸೆ ಮಾಡುವ ಕಾರ್ಖಾನೆಯಲ್ಲಿ ಕುಲುಮೆ ನೋಡುವವನು. ಅದೇ ಕಂಪನಿಯ ಇನ್ನೊಂದು ಕಾರ್ಖಾನೆ ಹೊಳೆಯಾಚೆ ಇತ್ತು. ಹುಬ್ಬು ಅರ್ಧ ಸುಟ್ಟಿರುತ್ತಿತ್ತು. ಮನೆಗೆ ಬಂದರೆ ಬಿಸಿ ಊಟ ಮುಟ್ಟುತ್ತಿರಲಿಲ್ಲ, ಆರಿದ ಅನ್ನವೇ ಬೇಕು. ಆ ಕುಲುಮೆಗೆ ಒಮ್ಮೆ ಬೆಂಕಿ ಕೊಟ್ಟರೆ ಹತ್ತು ಹನ್ನೆರಡು ವರ್ಷ ಆರಿಸುವ ಹಾಗಿಲ್ಲ. ಆರಿದರೆ ಒಳಗೆ ಕರಗಿದ ಗಾಜು ಬಂಡೆಯಾಗುತ್ತದೆ, ಗೋಡೆಯ ಇಟ್ಟಿಗೆ ಬಿರಿಯುತ್ತದೆ, ಕುಲುಮೆ ಸತ್ತಂತೆಯೇ. ಆದ್ದರಿಂದ ಪಾಳಿ ಮುಗಿದವನು ಅಲ್ಲಿ ಗಡಿಯಾರ ನೋಡಿ ಹೊರಡುವುದಿಲ್ಲ. ಮುಂದಿನವನು ಬಂದು, ನೀಲಿ ಗಾಜನ್ನು ಕಣ್ಣಿಗೆ ಹಿಡಿದು, ಕಿಂಡಿಯಲ್ಲಿ ಬೆಂಕಿಯ ಬಣ್ಣ ನೋಡಿ "ಕಂಡೆ" ಅನ್ನಬೇಕು. ಆಮೇಲೆಯೇ ಮೊದಲಿನವನಿಗೆ ಬಿಡುಗಡೆ. ಮಗಳು ಹುಟ್ಟಿದ ದಿನವೂ ಇವನು "ಕಂಡೆ" ಅನ್ನುವವನಿಗಾಗಿ ಕಾದು ನಿಂತಿದ್ದ. ಅದನ್ನು ಸೊಸೆ ಮರೆತಿರಲಿಲ್ಲ, ಅವನಿಗೆ ಮರೆಯಲು ಬಿಟ್ಟೂ ಇರಲಿಲ್ಲ.

ಅಜ್ಜಿ ಆಸ್ಪತ್ರೆಯವರ ಸಮವಸ್ತ್ರ ಹೊಲಿದು ಮಗನನ್ನು ಒಂಟಿಯಾಗಿ ಸಾಕಿದವಳು. ಕಣ್ಣು ಮಂಜಾದ ಮೇಲೆ ಹೊಲಿಗೆ ಯಂತ್ರಗಳನ್ನು ಮಾರಿ, ಕೂಡಿಟ್ಟದ್ದನ್ನೂ ಅದಕ್ಕೆ ಸೇರಿಸಿ, ಪೇಟೆಗೆ ಇಳಿದಳು. "ನಿಮಗೆ ಚೆನ್ನಾಗಿ ಗೊತ್ತಿರುವ ಕಂಪನಿಯಲ್ಲೇ ಹಣ ಹಾಕಿ" ಎಂದಿದ್ದ ಟೈ ಮಹಾಶಯ. ಅವಳಿಗೆ ಗೊತ್ತಿದ್ದದ್ದು ಒಂದೇ ಕಂಪನಿ. ಹೀಗೆ ಮಗನ ಸಂಬಳವೂ ತಾಯಿಯ ಗಂಟೂ ಒಂದೇ ಕಡೆಯಿಂದ ಬರುವಂತಾಯಿತು. ಎಲ್ಲ ಮೊಟ್ಟೆಯನ್ನೂ ಒಂದೇ ಬುಟ್ಟಿಯಲ್ಲಿ ಇಡಬೇಡಿ ಎಂದು ಅವನು ಮುಂದಿನ ವಾರವೇ ಹೇಳಿದ್ದ. ಆ ದಿನ ಅಜ್ಜಿ ಹಲ್ಲಿನ ವೈದ್ಯರ ಹತ್ತಿರ ಹೋಗಿದ್ದಳು.

ಮಗನಿಗೆ ಅದೊಂದು ತಮಾಷೆ. ಪಾಳಿಗೆ ಹೊರಡುವಾಗ ಅಮ್ಮನ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದ. "ಧಣಿ, ಕೆಲಸಕ್ಕೆ ಹೋಗಿ ಬರ್ಲಾ?"

"ಹೋಗು ಹೋಗು. ನನ್ನ ಬೆಂಕಿ ಚೆನ್ನಾಗಿ ನೋಡ್ಕೋ. ಮೈಗಳ್ಳತನ ಮಾಡಿದ್ರೆ ಸಂಬಳ ಕಟ್."

ಸೊಸೆಗೆ ಮಾತ್ರ ಈ ಧಣಿತನದಲ್ಲಿ ನಗು ಬರುತ್ತಿರಲಿಲ್ಲ. ಅವಳು ದಿನಸಿ ಅಂಗಡಿಯ ಗಲ್ಲಾದಲ್ಲಿ ದಿನವಿಡೀ ನಿಂತು ಬರುವವಳು. ಬಚ್ಚಲಿನ ತಾರಸಿ ಸೋರುತ್ತಿತ್ತು. ಸ್ನಾನ ಮಾಡುವವರ ತಲೆಯ ಮೇಲೆ ಸುಣ್ಣದ ಚೂರು ಉದುರುತ್ತಿತ್ತು.

"ಕಂಪನಿಗೇ ಧಣಿ, ಬಚ್ಚಲಿಗೆ ಗತಿ ಇಲ್ಲ," ಎಂದಳು ಒಂದು ದಿನ ಊಟಕ್ಕೆ ಬಡಿಸುತ್ತ. "ಅರ್ಧ ಮಾರಿದ್ರೂ ತಾರಸಿ ಆಗುತ್ತೆ ಅತ್ತೆ."

"ಬೆಲೆ ಬಿದ್ದಿರುವಾಗ ಮಾರೋದಾ? ಅಂಗಡೀಲಿ ಕೆಲಸ ಮಾಡ್ತೀಯ, ಇಷ್ಟೂ ಗೊತ್ತಿಲ್ವಾ?"

"ನಮ್ಮ ಅಂಗಡೀಲಿ ಕೊಳೀತಾ ಬಂದ ಟೊಮೆಟೊ ಅವತ್ತೇ ಮಾರ್ತೀವಿ."

"ಇದು ಟೊಮೆಟೊ ಅಲ್ಲ!"

"ಅಷ್ಟು ಮಾತ್ರ ನಂಗೂ ಗೊತ್ತಿದೆ. ಟೊಮೆಟೊ ಆಗಿದ್ರೆ ಅಡುಗೆಗಾದ್ರೂ ಆಗ್ತಿತ್ತು."

ಮೊಮ್ಮಗಳು ಗುಬ್ಬಿ ನಕ್ಕು ನೀರು ನೆತ್ತಿಗೇರಿಸಿಕೊಂಡಳು. ಅವಳು ಕಾಲೇಜಿನಲ್ಲಿ ವಾಣಿಜ್ಯ ಓದುತ್ತಿದ್ದಳು. ಮನೆಯಲ್ಲಿ ಅವಳ ಓದಿಗೆ ಸಿಕ್ಕ ಒಂದೇ ಕೆಲಸವೆಂದರೆ ಅಜ್ಜಿಯ ಫೋನಿನಲ್ಲಿ ಬೆಲೆ ನೋಡಿ ಹೇಳುವುದು.

ಬೆಲೆ ಇಳಿಯುತ್ತಲೇ ಇತ್ತು. ಪ್ಲಾಸ್ಟಿಕ್ ಸೀಸೆ ಬಂದು ಗಾಜಿನ ಸೀಸೆ ಕೇಳುವವರು ಕಡಿಮೆಯಾಗಿದ್ದರು. "ಈ ಕಂಪನಿಯ ಮೈಯಲ್ಲಿ ಕೊಬ್ಬು ಜಾಸ್ತಿ," ಎಂದ ಟೈ ಮಹಾಶಯ. "ಕೊಬ್ಬು ಕರಗಿಸಿದರೆ ಷೇರು ಓಡುತ್ತದೆ." ಅಜ್ಜಿ ಅದನ್ನು ಮಗನಿಗೆ ಒಪ್ಪಿಸಿದಳು. ಅವನು ತನ್ನ ಎಲುಬು ಕಾಣುವ ಪಕ್ಕೆ ಮುಟ್ಟಿ ತೋರಿಸಿ, "ನಂದಂತೂ ಅಲ್ಲ," ಎಂದ.

ಆಮೇಲೆ ಒಂದು ಮಧ್ಯಾಹ್ನ ಅಜ್ಜಿಯ ಫೋನಿಗೆ ಕಂಪನಿಯ ಸಂದೇಶ ಬಂತು. ಷೇರುದಾರರೆಲ್ಲ ಒಂದು ನಿರ್ಣಯದ ಮೇಲೆ ಮತ ಹಾಕಬೇಕಂತೆ. ಅಜ್ಜಿ ಹಿಗ್ಗಿ ಹೀರೇಕಾಯಿಯಾದಳು. ಅವಳ ಮದುವೆಗೇ ಯಾರೂ ಅವಳ ಅಭಿಪ್ರಾಯ ಕೇಳಿರಲಿಲ್ಲ.

"ಏನು ಬರೆದಿದಾರೆ, ಓದೇ ಗುಬ್ಬಿ."

"‘ಉತ್ಪಾದನಾ ಸಾಮರ್ಥ್ಯದ ಮರುಹೊಂದಾಣಿಕೆಗಾಗಿ ಆಡಳಿತ ಮಂಡಳಿಗೆ ಸಂಪೂರ್ಣ ಅಧಿಕಾರ ನೀಡುವ...’ ಅಯ್ಯೋ, ಪುಟಗಟ್ಟಲೆ ಇದೆ ಅಜ್ಜಿ."

"ಹಾಗಂದ್ರೆ ಏನು?"

"ಎಲ್ಲ ಸರಿ ಮಾಡ್ತಾರಂತೆ."

"ಇದೇನಾ ನೀನು ಓದ್ತಿರೋದು?"

"ಪರೀಕ್ಷೆಗೆ ಬರಲ್ಲ ಇದೆಲ್ಲ. ಹೌದು ಒತ್ಲಾ, ಇಲ್ಲ ಒತ್ಲಾ?"

ಹೌದು ಎನ್ನಿ ಎಂದು ಟೈ ಮಹಾಶಯ ಬೆಳಿಗ್ಗೆಯೇ ಹೇಳಿಯಾಗಿತ್ತು. ಆದರೆ ಅಜ್ಜಿ ಮೊಮ್ಮಗಳಿಗೆ ಒತ್ತಲು ಬಿಡಲಿಲ್ಲ. ಬಟಾಣಿ ಸುಲಿಯುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕನ್ನಡಕ ಏರಿಸಿ, ಹೆಬ್ಬೆರಳಿನಿಂದ ತಾನೇ ಒತ್ತಿದಳು. ‘ನಿಮ್ಮ ಮತಕ್ಕೆ ಧನ್ಯವಾದ’ ಎಂದು ಬಂತು. "ನೋಡು, ಎಷ್ಟು ಮರ್ಯಾದೆ!" ಎಂದಳು.

ಮುಂದಿನ ವಾರ ನಿರ್ಣಯ ಪಾಸಾಗಿ, ಅದಾದ ಕೆಲವು ದಿನಕ್ಕೆ ಷೇರು ಚಿಮ್ಮಿತು. ಬೆಳಿಗ್ಗೆ ಏರಿತು, ತಿಂಡಿಯ ಹೊತ್ತಿಗೆ ಇನ್ನೂ ಏರಿತು. ಗುಬ್ಬಿ ಬೆಲೆ ಕೂಗಿ ಹೇಳುತ್ತಿದ್ದರೆ ಅಜ್ಜಿ ಕುಳಿತಲ್ಲಿ ಕೂರಲಾರದೆ ಮನೆ ತುಂಬ ಓಡಾಡಿದಳು. ಅರ್ಧ ಮಾರಲು ಅವಳೇ ಒಪ್ಪಿದಳು. ಎದುರುಮನೆಯ ಗಾರೆ ಮೇಸ್ತ್ರಿ ಕೂಡಲೇ ಬಂದು, ಬಚ್ಚಲಿನ ತಾರಸಿ ಒಡೆಯತೊಡಗಿದ. ಸೊಸೆ ಅಂಗಡಿಗೆ ಅರ್ಧ ದಿನ ರಜೆ ಹಾಕಿ, ಬರುವಾಗ ಕೇಕ್ ತಂದಳು. ಅತ್ತೆ ಸೊಸೆ ಒಬ್ಬರನ್ನೊಬ್ಬರು ಹೊಗಳಿಕೊಂಡದ್ದನ್ನು ಗುಬ್ಬಿ ಅವತ್ತೇ ಮೊದಲು ಕೇಳಿದ್ದು.

"ತಲೆ ಅಂದ್ರೆ ನಿಮ್ಮದು ಅತ್ತೆ."

"ನೀನು ತಡ್ಕೊಂಡಿದ್ದಕ್ಕೇ ಅಲ್ವೇನೇ ಆಗಿದ್ದು."

ಮೇಸ್ತ್ರಿಗೂ ಒಂದು ತುಂಡು ಕೊಟ್ಟರು. ಆಗ ಬಾಗಿಲಲ್ಲಿ ಮಗ ಬಂದು ನಿಂತ. ಅವತ್ತು ಅವನಿಗೆ ಹಗಲು ಪಾಳಿ. ನಡುಮಧ್ಯಾಹ್ನ ಅವನು ಮನೆಗೆ ಬಂದದ್ದು ಆ ಮನೆಯ ಚರಿತ್ರೆಯಲ್ಲೇ ಇಲ್ಲ. ಮುಖಕ್ಕೆ ಹಾಕುವ ಬಟ್ಟೆ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು.

"ಏನ್ರೀ, ಕುಲುಮೆ ಹತ್ರ ಯಾರಿದಾರೆ?" ಸೊಸೆಯ ಬಾಯಿಂದ ಮೊದಲು ಬಂದದ್ದು ಅದೇ ಮಾತು.

"ಸೀಸೆ ಅಚ್ಚಿನವನಿಗೆ ನಿಲ್ಲೋಕೆ ಹೇಳಿ ಬಂದೆ."

"ಏಟಾಯ್ತಾ? ಎಲ್ಲಿ, ಕೈ ತೋರಿಸಿ."

"ಆರಿಸ್ತಾರಂತೆ."

"ಏನನ್ನ?"

"ಕುಲುಮೇನ. ಸೋಮವಾರದಿಂದ ಶುರು. ಗೇಟಿನ ಹತ್ರ ನಿಲ್ಲಿಸಿ ಹೇಳಿದ್ರು. ತಿಂಗಳ ಕೊನೆಗೆ ಎಲ್ರಿಗೂ ಲೆಕ್ಕ ಚುಕ್ತಾ."

ಅಜ್ಜಿಯ ಕೈಯಲ್ಲಿ ಕೇಕಿನ ಚಾಕು ಇತ್ತು. ಅವಳು ಅರ್ಥವಾಗದೆ ಸೊಸೆಯ ಮುಖ ನೋಡಿದಳು, ಮೊಮ್ಮಗಳ ಮುಖ ನೋಡಿದಳು, ಆಮೇಲೆ ನಕ್ಕಳು. "ಯಾರೋ ಸುಳ್ಳು ಹೇಳಿದಾರೆ ಕಣೋ. ಕಂಪನಿಗೆ ಒಳ್ಳೇದಾಗ್ತಿದೆ. ನನ್ನ ಷೇರು ಎಷ್ಟು ಏರಿದೆ ಗೊತ್ತಾ ಇವತ್ತು?"

"ಅದಕ್ಕೇ ಅಮ್ಮ ಏರಿರೋದು."

ಬಚ್ಚಲಿನಲ್ಲಿ ಗಾರೆಯ ಹೆಂಟೆಯೊಂದು ದಢಾರನೆ ಬಿತ್ತು. ಯಾರೂ ಆ ಕಡೆ ತಿರುಗಲಿಲ್ಲ. ಮೇಸ್ತ್ರಿ ಕೇಕಿನ ತಟ್ಟೆಯನ್ನು ಕಿಟಕಿಯ ಮೇಲಿಟ್ಟು, "ನಾನು ನಾಳೆ ಬರ್ಲಾ?" ಎಂದು ಕೇಳಿದ. ಆಮೇಲೆ ಕರಣೆ ಎತ್ತಿಕೊಂಡು ಹೊರಟುಹೋದ. ಅಜ್ಜಿಯ ಮುಖದ ಮೇಲಿದ್ದ ನಗು ಹೋಗಬೇಕಾದಷ್ಟು ಬೇಗ ಹೋಗಲಿಲ್ಲ. ಅದನ್ನು ನೋಡಿ ಗುಬ್ಬಿಗೆ ಹೆದರಿಕೆಯಾಯಿತು.

ಮಾರನೆಯ ಬೆಳಿಗ್ಗೆ ಟೈ ಮಹಾಶಯ ಉತ್ಸಾಹದಿಂದ ಬಂದ. "ಎರಡು ಘಟಕಗಳಲ್ಲಿ ಒಂದನ್ನು ಮುಚ್ಚುವ ದಿಟ್ಟ ನಿರ್ಧಾರ! ಹೂಡಿಕೆದಾರರ ಮುಖದಲ್ಲಿ ನಗು!" ಎಂದ. ಅಜ್ಜಿ ಅವನ ಮಾತಿನ ನಡುವೆಯೇ ಫೋನನ್ನು ಬೋರಲು ಹಾಕಿದಳು. ಪಕ್ಕದ ಮನೆಯವರು ಅಜ್ಜಿಗೆ ಹುಷಾರಿಲ್ಲವೇನೋ ಎಂದು ಕೇಳಿಕೊಂಡು ಬಂದರು.

ಗುಬ್ಬಿ ಆ ಸಂದೇಶವನ್ನು ಹುಡುಕಿ, ಈಗ ಕೊನೆಯವರೆಗೂ ಓದಿದಳು. ಅಡುಗೆಮನೆಯಲ್ಲಿ ಅಜ್ಜಿಯ ಕಿವಿಯ ಹತ್ತಿರ ಬಗ್ಗಿ ಹೇಳಿದಳು, "ಇದ್ರಲ್ಲೇ ಇತ್ತು ಅಜ್ಜಿ. ಒಂದನ್ನ ಮುಚ್ತೀವಿ ಅಂತ. ನಾನು ಓದಲೇ ಇಲ್ಲ."

"ನಾವು ಒತ್ತಿದ್ದಕ್ಕೇ ಆಯ್ತಾ?"

"ನಮ್ಮದು ಎಷ್ಟು ಅಜ್ಜಿ, ಸಮುದ್ರದಲ್ಲಿ ಒಂದು ಹನಿ. ನೀವು ಒತ್ತದೇ ಇದ್ರೂ ಆಗ್ತಿತ್ತು."

"ಒತ್ತಿದೆನೋ ಇಲ್ವೋ, ಅದು ಹೇಳು."

"ಅಪ್ಪನಿಗೆ ಹೇಳ್ಬಿಡೋಣ."

"ಬಾಯಿ ಮುಚ್ಚು. ಅವನು ನನ್ನ ಮುಖ ನೋಡಲ್ಲ ಆಮೇಲೆ."

ಹಾಗೆ ಹೇಳಿ ಅಜ್ಜಿ ಒಲೆಯ ಮುಂದೆ ನಿಂತೇ ಅತ್ತಳು. ಗಂಡ ಸತ್ತಾಗಲೂ ಅಷ್ಟು ಹೊತ್ತು ಅತ್ತವಳಲ್ಲ. ಆಗ ಹೊಲಿಯಬೇಕಾದ ಬಟ್ಟೆಯ ರಾಶಿ ಎದುರಿಗಿತ್ತು.

ಕುಲುಮೆಯನ್ನು ಒಂದೇ ಸಲ ಆರಿಸಲಾಗುವುದಿಲ್ಲ. ಕರಗಿದ ಗಾಜನ್ನು ಕೆಳಗಿನಿಂದ ಹರಿಯಬಿಟ್ಟು, ಉರಿಯನ್ನು ದಿನದಿನವೂ ಇಷ್ಟಿಷ್ಟೇ ಇಳಿಸಬೇಕು. ಅದಕ್ಕೂ ಕೈ ಪಳಗಿದವನೇ ಬೇಕು. ಕಂಪನಿ ಆ ಕೆಲಸವನ್ನು ಇವನಿಗೇ ವಹಿಸಿತ್ತು. ಸಂಜೆ ಬಂದರೆ ಸೊಸೆ ಕೇಳುತ್ತಿದ್ದಳು, "ಹೇಗಿದೆ?" ಮೊದಲ ದಿನ "ಹಳದಿ" ಎಂದ. ಆಮೇಲೆ "ಕಿತ್ತಳೆ". ಆಮೇಲೆ "ಕೆಂಪು". ಆಸ್ಪತ್ರೆಯಲ್ಲಿರುವ ನೆಂಟರ ಸುದ್ದಿ ಕೇಳಿ ತಿಳಿದುಕೊಂಡ ಹಾಗಿತ್ತು. ಬಚ್ಚಲಿನ ತಾರಸಿ ಅರ್ಧಕ್ಕೇ ನಿಂತಿತ್ತು. ಮನೆಯವರೆಲ್ಲ ಆಕಾಶ ನೋಡುತ್ತ ಸ್ನಾನ ಮಾಡುತ್ತಿದ್ದರು. ತಟ್ಟೆಯಲ್ಲಿ ಮೊಟ್ಟೆ ಒಂದಕ್ಕೆ ಇಳಿಯಿತು, ಆಮೇಲೆ ಅರ್ಧಕ್ಕೆ. ಸೊಸೆ ಅಂಗಡಿಯಲ್ಲಿ ಭಾನುವಾರದ ಬೆಳಗಿನ ಕೆಲಸವನ್ನೂ ಕೇಳಿ ಪಡೆದಳು.

"ಅವತ್ತು ಮಾರ್ತೀನಿ ಅಂದಿದ್ದು ಅರ್ಧ, ಅದನ್ನೂ ಮಾರಲಿಲ್ಲ," ಎಂದಳು ಅತ್ತೆಗೆ. "ಈಗ ಪೂರ್ತಿ ಮಾರಿ. ಇಷ್ಟು ಬೆಲೆ ಮತ್ತೆ ಬರಲ್ಲ."

"ಬೇಡ. ನಾನು ಆ ದುಡ್ಡು ಮುಟ್ಟಲ್ಲ."

"ದುಡ್ಡು ಏನು ಮಾಡಿದೆ ನಿಮಗೆ? ಮುಂದಿನ ತಿಂಗಳಿಂದ ಅವರಿಗೆ ಸಂಬಳ ಇಲ್ಲ. ಗುಬ್ಬಿ ಕಾಲೇಜು ಇದೆ. ನಿಮ್ಮ ಹಟಕ್ಕೆ ನಾವೇನು ಗಾಳಿ ತಿನ್ನಬೇಕಾ?"

"ನೀನು ಸುಮ್ನಿರು. ನಿಂಗೆ ಗೊತ್ತಾಗಲ್ಲ."

"ಹೌದು, ನಂಗೆ ಗೊತ್ತಾಗಲ್ಲ! ಟೊಮೆಟೊ ಅಷ್ಟೇ ಗೊತ್ತು ನಂಗೆ!"

ಮಗ ನಡುವೆ ಬಂದು ಇಬ್ಬರಿಗೂ ಗದರಲಿಲ್ಲ. ಅದೇ ವಿಚಿತ್ರವಾಗಿತ್ತು. ಮೊದಲಾಗಿದ್ದರೆ ಏನಾದರೂ ತಮಾಷೆ ಮಾಡಿ ಜಗಳವನ್ನು ಹಾರಿಸಿಬಿಡುತ್ತಿದ್ದ. ಈಗ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಬೀದಿಯ ತುದಿಯವರೆಗೂ ನಡೆದು ಬರುತ್ತಿದ್ದ. ‘ಧಣಿ’ ಎಂದು ಕರೆಯುವುದನ್ನು ನಿಲ್ಲಿಸಿದ್ದ. ಅವನಿಗೆ ಹೇಗೋ ಗೊತ್ತಾಗಿದೆ ಎಂದೇ ಅಜ್ಜಿ ನಂಬಿದಳು.

ಕುಲುಮೆ ಪೂರ್ತಿ ತಣ್ಣಗಾದ ಮರುದಿನ ಭಾನುವಾರ. ಅಚ್ಚಿನವನು ಮಧ್ಯಾಹ್ನ ಮನೆಗೆ ಬಂದ. ಸೀಸೆಯ ಅಚ್ಚುಗಳಿಗೆ ಎಣ್ಣೆ ಬಳಿದು ಜೋಡಿಸುವುದು ಅವನ ಕೆಲಸ, ಇವರ ಮನೆಗೆ ಹಳೆಯ ನೆಂಟನಿದ್ದ ಹಾಗೆ. ಅಂಗಡಿಯಿಂದ ಆಗಷ್ಟೇ ಬಂದಿದ್ದ ಸೊಸೆ ಅವನಿಗೂ ತಟ್ಟೆ ಇಟ್ಟಳು. ಅನ್ನ, ಬೇಳೆ, ಆಲೂಗಡ್ಡೆ. ಊಟ ಶುರುವಾಗುವ ಮೊದಲೇ ಅಚ್ಚಿನವನ ಬಾಯಿ ಶುರುವಾಯಿತು.

"ನೂರಕ್ಕೆ ತೊಂಬತ್ತಕ್ಕೂ ಮೇಲಂತೆ! ಷೇರು ಇಟ್ಕೊಂಡೋರು ತೊಂಬತ್ತಕ್ಕೂ ಮೇಲೆ ಹೌದು ಅಂದಿದಾರಂತೆ. ದೊಡ್ಡೋರು ಬಿಡಿ. ಸಣ್ಣಪುಟ್ಟ ಜನಾನೂ ಒತ್ತಿದಾರಂತಲ್ಲ! ಸೋಫಾ ಮೇಲೆ ಕಾಲು ಚಾಚ್ಕೊಂಡು ಒತ್ತಿರ್ತಾರೆ. ಅವರ ಮನೆ ಹಾಳಾಗ!"

"ಊಟ ಮಾಡಿ," ಎಂದಳು ಸೊಸೆ.

"ಹೇಗೆ ಗಂಟಲಲ್ಲಿ ಇಳಿಯುತ್ತಮ್ಮ?"

ಅಷ್ಟು ದಿನ ಮನೆಯಲ್ಲಿ ಈ ಬಗ್ಗೆ ತುಟಿ ಬಿಚ್ಚದಿದ್ದ ಮಗ ತಟ್ಟೆ ತಳ್ಳಿದ. ಅವನ ಧ್ವನಿ ಎಷ್ಟು ಜೋರಾಗಿ ಬಂತೆಂದರೆ ಗುಬ್ಬಿ ಬೆಚ್ಚಿದಳು. "ಒತ್ತಿದೋರ ಕೈ ಸೇದಿಹೋಗ್ಲಿ! ಒಬ್ಬೊಬ್ಬರ ಕೈಯೂ ಸೇದಿಹೋಗ್ಲಿ!"

"ಹಾಗನ್ಬೇಡ ಕಣೋ," ಎಂದಳು ಅಜ್ಜಿ.

"ಯಾಕನ್ಬಾರ್ದು?"

ಅಜ್ಜಿ ಬಲಗೈಯನ್ನು ಮೇಜಿನ ಮೇಲಿಟ್ಟಳು. ಹೆಬ್ಬೆರಳಿಗೆ ಅನ್ನ ಅಂಟಿತ್ತು. "ಅದು ಈ ಕೈ."

ಸೊಸೆಯ ಸೌಟು ಬೇಳೆಯ ಪಾತ್ರೆಯಲ್ಲೇ ನಿಂತಿತು. "ಅತ್ತೆ!"

"ಹೌದು ಅಂತ ಒತ್ತಿದೆ. ಆ ಟೈ ಹಾಕ್ಕೊಂಡೋನು ಹೇಳಿದ ಅಂತ ಒತ್ತಿದೆ. ನನ್ನ ಮಾತು ಕೇಳ್ತಿದಾರೆ ಅನ್ನೋ ಸಂಭ್ರಮದಲ್ಲಿ ಒತ್ತಿದೆ. ಏನಕ್ಕೆ ಅಂತ ಕೇಳಲಿಲ್ಲ. ನನ್ನ ಮಗನ ಅನ್ನಕ್ಕೆ ನಾನೇ ಮಣ್ಣು ಹಾಕಿದೆ."

"ಓದಿ ಹೇಳಬೇಕಾಗಿದ್ದು ನಾನು ಅಪ್ಪ," ಗುಬ್ಬಿ ಅಳತೊಡಗಿದಳು. "ನಾನು ಓದಲಿಲ್ಲ. ಬೈಯೋದಾದ್ರೆ ನಂಗೆ ಬೈಯಿ."

ಎಲ್ಲರೂ ಅವನ ಸಿಡಿಲಿಗೆ ಕಾದರು. ಅವನು ತಾಯಿಯ ಕೈಯನ್ನು ನೋಡುತ್ತ ಕುಳಿತಿದ್ದ. ಸಿಟ್ಟಿನಿಂದ ಕೆಂಪಾಗಿದ್ದ ಮುಖ ಎಲ್ಲರ ಎದುರೇ ಬಿಳಿಚಿಕೊಂಡಿತು.

"ನಿಂಗೆ ಗೊತ್ತಿರಲಿಲ್ಲ, ಅಲ್ವಾ ಅಮ್ಮ?" ಎಂದ. "ಮುಚ್ಚೋಕೆ ಅಂತ ಗೊತ್ತಿರಲಿಲ್ಲ."

"ಇಲ್ಲ ಕಣೋ, ನಿನ್ನಾಣೆಗೂ ಇಲ್ಲ."

"ನಂಗೆ ಗೊತ್ತಿತ್ತು."

ಅಚ್ಚಿನವನು ತಟ್ಟನೆ ತಲೆ ಎತ್ತಿ, "ಏ, ಬೇಡ," ಎಂದ.

"ಏನು ಬೇಡ? ಅಮ್ಮ ಹೇಳಿಲ್ವಾ ಈಗ?" ಅವನು ಹೆಂಡತಿಯ ಕಡೆ ತಿರುಗಿದ. "ಒಂದು ವರ್ಷ ಬೋನಸ್ ಬದಲು ಕೈಗೆ ನಾಲ್ಕು ನಾಲ್ಕು ಷೇರು ಹಾಕಿದ್ರಲ್ಲ, ನೆನಪಿದೆಯಾ? ನಮಗೂ ಬಂತು ಆ ಸಂದೇಶ. ಚಹಾದ ಹೊತ್ತಲ್ಲಿ ಮೇಲ್ವಿಚಾರಕ ಬಂದು ಬಿಡಿಸಿ ಹೇಳಿದ. ಎರಡು ಕಾರ್ಖಾನೇಲಿ ಒಂದನ್ನ ಮುಚ್ತಾರೆ, ಹೊಳೆಯಾಚೆಯದೇ ಹೋಗೋದು, ನಮ್ಮ ಕುಲುಮೆ ಗಟ್ಟಿ ಇದೆ ಅಂದ. ಅದು ಹೋದ್ರೆ ಅವರ ಕೆಲಸವೆಲ್ಲ ನಮಗೆ, ಓವರ್‌ಟೈಮ್ ಸಿಗುತ್ತೆ, ಷೇರೂ ಏರುತ್ತೆ ಅಂದ. ನಾನೂ ಒತ್ತಿದೆ, ಇವನೂ ಒತ್ತಿದ. ಶೆಡ್ಡಲ್ಲಿ ಇದ್ದೋರೆಲ್ಲ ಒತ್ತಿದ್ರು. ನಗ್ತಾ ನಗ್ತಾ ಒತ್ತಿದ್ವಿ."

ಅಚ್ಚಿನವನು ಅನ್ನವನ್ನು ಬೆರಳಿಂದ ತಟ್ಟೆಯ ಒಂದು ಕಡೆಗೆ ಸರಿಸಿದ, ಇನ್ನೊಂದು ಕಡೆಗೆ ಸರಿಸಿದ. 

"ಹೊಳೆಯಾಚೆ ಒಂದು ಬೆಂಕಿ ಆರುತ್ತೆ ಅಂತ ಗೊತ್ತಿತ್ತಮ್ಮ. ಅಲ್ಲೂ ಒಬ್ಬ ‘ಕಂಡೆ’ ಅಂತ ನಿಂತಿರ್ತಾನೆ ಅಂತ ಗೊತ್ತಿತ್ತು. ಗೊತ್ತಿದ್ದೇ ಒತ್ತಿದೆ. ದಿನಾ ಗೇಟಿನ ಹತ್ರ ನಿಂತ್ಕೊಂಡು ನಾವೇ ಕೂಗ್ತೀವಿ, ಒತ್ತಿದೋರು ಯಾವ ನನ್ಮಕ್ಕಳು ಅಂತ. ಅಲ್ಲಿ ಕೂಗೋರಲ್ಲಿ ಒತ್ತದೇ ಇರೋನು ಒಬ್ಬನೂ ಇಲ್ಲ."

ಅಜ್ಜಿ ಮೇಜಿನ ಮೇಲಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ತನ್ನ ತಪ್ಪು ಒಪ್ಪಿಕೊಂಡ ಮೇಲೆ ಎದೆ ಹಗುರಾಗುತ್ತದೆ ಎಂದು ಅವಳು ಎಣಿಸಿದ್ದಳು. ಈಗ ಮಗನನ್ನು ಯಾರೋ ಅಪರಿಚಿತನನ್ನು ನೋಡುವಂತೆ ನೋಡಿದಳು. ಗುಬ್ಬಿಯ ಅಳು ಅರ್ಧಕ್ಕೇ ನಿಂತುಹೋಗಿತ್ತು.

ಆ ಮೇಜಿನ ಸುತ್ತ ಯಾವುದನ್ನೂ ಒತ್ತದವಳು ಸೊಸೆ ಒಬ್ಬಳೇ. ಅವಳು ಸೌಟನ್ನು ಪಾತ್ರೆಗೆ ಬಿಟ್ಟು, ಕುರ್ಚಿ ಎಳೆದುಕೊಂಡು ಕುಳಿತಳು. ಬೆಳಗಿನಿಂದ ಅವಳು ಕುಳಿತದ್ದು ಆಗಲೇ.

"ಹೊಳೆಯಾಚೆ ಅವರಿಗೂ ಬೋನಸ್ಸಿಗೆ ಷೇರೇ ಕೊಟ್ಟಿದ್ರಾ?" ಎಂದು ಕೇಳಿದಳು.

"ಹ್ಞೂ. ಎಲ್ರಿಗೂ ಕೊಟ್ಟಿದ್ರು."

"ಅವರಿಗೂ ಒಬ್ಬ ಮೇಲ್ವಿಚಾರಕ ಇರ್ತಾನಲ್ಲ."

ಅವನು ಹೆಂಡತಿಯ ಮುಖ ನೋಡಿದ. ಅಚ್ಚಿನವನ ಕೈ ತಟ್ಟೆಯಲ್ಲೇ ನಿಂತಿತು.

"ಚಹಾದ ಹೊತ್ತಲ್ಲಿ ಬಂದಿರ್ತಾನೆ," ಎಂದಳು ಅವಳು. "ಅವರೂ ನಗ್ತಾನೇ ಒತ್ತಿರ್ತಾರೆ, ಹೋಗೋದು ನಿಮ್ಮದೇ ಅಂತ."